ಮೇಷ್ಟ್ರ ಜೇಬಿನ ಬಿಸ್ಕತ್ತು

ಹೊಟ್ಟೆಕಿಚ್ಚು ಎಂದರೆ ಏನೆಂದು ಟೇಲರಮ್ಮನಿಗೆ ಐವತ್ತೆರಡು ವರ್ಷ ಗೊತ್ತಿರಲಿಲ್ಲ. ವಾರಗಿತ್ತಿ ಮಹಡಿ ಮನೆ ಕಟ್ಟಿಸಿದಾಗಲೂ, ಎದುರುಮನೆಯವಳು ಮೋಟಾರು ಹಾಕಿದ ಹೊಲಿಗೆ ಮಷಿನ್ ತಂದಾಗಲೂ ನಕ್ಕು ಸುಮ್ಮನಾದವಳು. ಅಂಥವಳ ಹೊಟ್ಟೆಗೆ ಬೆಂಕಿ ಇಟ್ಟದ್ದು ಕಿವಿ ಜೋತುಬಿದ್ದ, ಮೊಳದುದ್ದವೂ ಇಲ್ಲದ ಒಂದು ನಾಯಿಮರಿ.

ಮರಿಯನ್ನು ತಂದವರು ಅವಳ ಗಂಡ. ಎಲ್ಲರ ಬಾಯಲ್ಲೂ ಅವರು ಡ್ರೈವಿಂಗ್ ಮೇಷ್ಟ್ರು. ಮೂವತ್ತು ವರ್ಷ ಜನಕ್ಕೆ ಕಾರು ಕಲಿಸಿದವರು, ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕ್ಲಚ್ಚು ಬ್ರೇಕು ಅದಲುಬದಲು ಮಾಡಿದ ಒಬ್ಬ ಬ್ಯಾಂಕ್ ಮ್ಯಾನೇಜರು ಇವರ ಬಾಯಿಗೆ ಹೆದರಿ, ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋಗಿದ್ದ.

ಹೆಂಡತಿಗೂ ಒಮ್ಮೆ ಕಲಿಸಲು ಹೊರಟಿದ್ದರು, ಮದುವೆಯಾದ ಮೂರನೇ ವರ್ಷ, ಸ್ಕೂಟರನ್ನು. ಹತ್ತು ಮಾರು ಹೋಗಿ ಗೇಟಿಗೆ ಗುದ್ದಿದಳು. “ಇಳಿ ಕೆಳಗೆ. ಇದೆಲ್ಲ ನಿನ್ನ ಕೈಲಿ ಆಗೋದಲ್ಲ,” ಎಂದರು ಮೇಷ್ಟ್ರು, ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವ ಹಾಗೆ. ಇಳಿದಳು. ಮತ್ತೆ ಹತ್ತಲಿಲ್ಲ. ಅಂದಿನಿಂದ ಶಾಲೆಯ ಸಮವಸ್ತ್ರ ಹೊಲಿದು, ಗಂಟು ಕಟ್ಟಿ, ಸೊಂಟದ ಮೇಲಿಟ್ಟುಕೊಂಡು ಎರಡು ಮೈಲಿ ನಡೆದೇ ಒಪ್ಪಿಸಿ ಬರುತ್ತಾಳೆ. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿಯೂ ಆಯಿತು.

ಅದೇ ಮೇಷ್ಟ್ರನ್ನು ಈಗ ನೋಡಬೇಕು. ಮರಿ ಎದ್ದ ಕೂಡಲೇ ಎತ್ತಿಕೊಂಡು ಹೊರಗೆ, ತಿಂದ ಕೂಡಲೇ ಹೊರಗೆ. ಅದು ಒಳಗೇ ಉಚ್ಚೆ ಹೊಯ್ದರೆ ಗಟ್ಟಿಯಾಗಿ ಒಂದು ಮಾತಿಲ್ಲ. ಮಂಡಿಯೂರಿ ನೆಲ ಒರೆಸಿ, ಇರಲಿ ಬಿಡು, ಇನ್ನೊಂದು ಸಲ ನೋಡೋಣ ಎನ್ನುವುದು. ಹೊರಗೆ ಗೋಡೆ ಬದಿಯಲ್ಲಿ ಹೊಯ್ದರಂತೂ ಜೇಬಿನಿಂದ ಬಿಸ್ಕತ್ತಿನ ಚೂರು ತೆಗೆದು ಬಾಯಿಗಿಟ್ಟು, ಭೇಷ್ ಎಂದು ಬೆನ್ನು ತಟ್ಟುವುದು. ಮೂವತ್ತು ವರ್ಷ ಹೊತ್ತುಹೊತ್ತಿಗೆ ಬೇಯಿಸಿ ಹಾಕಿದವಳಿಗೆ ಸಿಗದ ಭೇಷ್ ಒಂದು ತೊಟ್ಟು ಉಚ್ಚೆಗೆ! ಟೇಲರಮ್ಮನ ಮೈಯೆಲ್ಲ ಉರಿದುಹೋಯಿತು. ಎಷ್ಟು ಸಲ ಒರೆಸಿದರು ಎಂದು ಲೆಕ್ಕ ಇಟ್ಟಳು. ಹದಿನೇಳು. ಸ್ಕೂಟರು ಕಲಿಯಲು ತನಗೆ ಸಿಕ್ಕಿದ್ದು ಒಂದೇ ಸಲ.

ಮರಿಗೆ ಒಂದಾದರೂ ಬೈಗುಳ ಬೀಳುವುದನ್ನು ಕೇಳಬೇಕು, ಅಷ್ಟು ಸಾಕು ಎನ್ನಿಸಿತು ಅವಳಿಗೆ.

ಒಂದು ಮಧ್ಯಾಹ್ನ ಮೇಷ್ಟ್ರು ಸ್ಕೂಟರಿಗೆ ಗಾಳಿ ಹೊಡೆಸಲು ಹೊರಟವರು, ಮರಿ ಬಾಗಿಲು ಕೆರೆದರೆ ತೆಗೆ ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಅದು ಕೆರೆಯಿತು. ಟೇಲರಮ್ಮ ಮಷಿನ್ ತುಳಿಯುತ್ತಲೇ ಇದ್ದಳು. ಕುಂಯ್‌ಗುಟ್ಟಿತು. ಇನ್ನೂ ಜೋರಾಗಿ ತುಳಿದಳು. ಕೊನೆಗೆ ಬಾಗಿಲ ಬುಡದಲ್ಲೇ ಮಾಡಿ, ಬಾಲ ಮುದುರಿಕೊಂಡು ಮಂಚದ ಕೆಳಗೆ ಸೇರಿತು.

ಮೇಷ್ಟ್ರು ಬಂದು ನೋಡಿದರು. ಅವಳು ಮಷಿನ್ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದಳು. ಅವರು ನೆಲದ ಮೇಲೆ ಕೂತು ಮಂಚದ ಕೆಳಗೆ ಬಗ್ಗಿ, “ತಪ್ಪು ನಂದೇ ಕಣೋ. ನಿನ್ನ ಬಿಟ್ಟು ಹೋಗಬಾರದಿತ್ತು,” ಎಂದರು.

ಅವಳು ಮಷಿನ್ ಬಿಟ್ಟು ಎದ್ದಳು. “ನಿಮ್ಮ ತಪ್ಪೂ ಅಲ್ಲ, ಅದರದ್ದೂ ಅಲ್ಲ. ಅದು ಬಾಗಿಲು ಕೆರೀತು, ನಾನೇ ತೆಗೀಲಿಲ್ಲ. ಈ ಮಾತು ಆವತ್ತು ನನಗೆ ಹೇಳಿದ್ರೆ ನಾನೂ ಗಾಡಿ ಓಡಿಸ್ತಿದ್ದೆ ಕಣ್ರೀ.”

ಮೇಷ್ಟ್ರು ಬಟ್ಟೆ ತಂದು ನೆಲ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

ಮರುದಿನ ಬೆಳಿಗ್ಗೆ ಅವಳು ಸಮವಸ್ತ್ರದ ಗಂಟು ಕಟ್ಟುವಷ್ಟರಲ್ಲಿ ಸ್ಕೂಟರು ಅಂಗಳದಲ್ಲಿ ನಿಂತಿತ್ತು. ಮೇಷ್ಟ್ರು ಹಿಂದಿನಿಂದ ಹಿಡಿದುಕೊಂಡು, ಹತ್ತು ಎಂದರು. ಹತ್ತಿದಳು. ಹತ್ತು ಮಾರು ಹೋಗಿ ಅದೇ ಗೇಟಿಗೆ ಗುದ್ದಿದಳು.

ಎದುರುಮನೆಯವಳು ಕಿಟಕಿಗೆ ಬಂದಳು. ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು, ಬಾಯಿ ತೆರೆಯಿತು. ಟೇಲರಮ್ಮ ಕಣ್ಣು ಮುಚ್ಚಿ ಕಾದಳು. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ, ಅಭ್ಯಾಸಬಲದಿಂದ ಅವರ ಕೈ ಜೇಬಿಗೆ ಹೋಗಿ ಬಂದು ಅವಳ ಬಾಯಿಯ ಹತ್ತಿರ ನಿಂತಿತ್ತು, ಬಿಸ್ಕತ್ತಿನ ಚೂರಿನ ಸಮೇತ.

“ಇರಲಿ ಬಿಡು,” ಎಂದರು, ತಮ್ಮ ಕೈಯನ್ನು ತಾವೇ ಪೆಚ್ಚಾಗಿ ನೋಡುತ್ತ. “ಇನ್ನೊಂದು ಸಲ ನೋಡೋಣ.”

ಟೇಲರಮ್ಮ ಬಾಯಿ ತೆರೆದು ತಿಂದಳು. ಮೆಟ್ಟಿಲ ಮೇಲೆ ಕೂತ ಮರಿ ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಅದಕ್ಕೆ ಒಂದು ಪುಡಿಯನ್ನೂ ಉಳಿಸಲಿಲ್ಲ.