ಬೆರಳಕ್ಕ, ಬಡಕಲು ಲ್ಯಾಪ್‌ಟಾಪ್ ಮತ್ತು ಒಂದು ಮೀನು

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹಾಲಿನ ಪಾತ್ರೆಗಿಂತ ಮೊದಲೇ ಲ್ಯಾಪ್‌ಟಾಪ್ ಬಂದು ಕೂತಿದೆ. ಗಾತ್ರದಲ್ಲಿ ಊಟದ ಡಬ್ಬಿಗಿಂತ ತುಸು ದೊಡ್ಡದು, ತಾಕತ್ತಿನಲ್ಲಿ ಡಬ್ಬಿಯೇ ವಾಸಿ. "ಹೂಂ, ಶುರು ಮಾಡ್ರೀ" ಎನ್ನುತ್ತಾರೆ ಬೆರಳಕ್ಕ. ಶಾಲಾ ಬಸ್ ಓಡಿಸುವ ಗಂಡ ಹಲ್ಲುಜ್ಜುತ್ತಲೇ, ಇವತ್ತಿನ ಕೆಲಸದ ತಾಲೀಮಿಗೆಂದು ಕಾರ್ಖಾನೆಯ ಸಾಹೇಬರ ಪಾತ್ರ ಹಾಕಿ, ಮೂಗಿನಲ್ಲಿ ಗದರತೊಡಗುತ್ತಾರೆ. ಮಾತು ಬಾಯಿಂದ ಬೀಳುವುದೇ ತಡ, ಪರದೆಯ ಮೇಲೆ ಅಕ್ಷರ. ಕೊನೆಗೆ ಅವರು ನೀರು ಗಳಗಳಿಸಿದರೆ ಅದೂ ಬಿಡುವಂತಿಲ್ಲ: (ಬಾಯಿ ಮುಕ್ಕಳಿಸುವ ಸದ್ದು).

ಕಿವಿ ಕೇಳಿಸದವರ ಪಕ್ಕ ಕೂತು, ಸುತ್ತಲಿನವರ ಮಾತನ್ನೆಲ್ಲ ಆ ಕ್ಷಣವೇ ಟೈಪ್ ಮಾಡಿ ತೋರಿಸುವುದು ಇವರ ಕಸುಬು. ಆಸ್ಪತ್ರೆ, ಬ್ಯಾಂಕು, ವಿಚಾರಣೆ, ಕರೆದಲ್ಲಿಗೆ ಬಸ್ಸು ಹತ್ತಿ ಹೋಗುತ್ತಾರೆ. 'ಬೆರಳಕ್ಕ' ಎಂದು ಹೆಸರಿಟ್ಟವರೂ ಕಿವಿ ಕೇಳಿಸದ ಆ ಜನರೇ. ಮಾತಿದ್ದರೆ ಮಾತು, ಸದ್ದಿದ್ದರೆ ಆವರಣದೊಳಗೆ ಸದ್ದು. ತಮ್ಮದೊಂದು ಮಾತೂ ನಡುವೆ ನುಸುಳಬಾರದು, ಅದೇ ಕಟ್ಟುನಿಟ್ಟು.

"ದೊಡ್ಡ ಲ್ಯಾಪ್‌ಟಾಪ್ ಹೊತ್ತೂ ಹೊತ್ತೂ ಕುತ್ತಿಗೆ ಹಿಡ್ಕೊಂಡ್ತು. ಎಷ್ಟೋ ಕಡೆ ಪ್ಲಗ್ ಹಾಕೋಕೆ ಗೋಡೇಲಿ ತೂತೂ ಇರಲ್ಲ. ಇದು ಹಗುರ, ದಿನವಿಡೀ ಚಾರ್ಜ್ ನಿಲ್ಲುತ್ತೆ. ಆದ್ರೆ ಹೊಸದಾಗಿ ತಂದಾಗ ಎಂಥ ಸೋಮಾರಿ ಅಂತೀರಿ! ನಾನು 'ನಮಸ್ಕಾರ' ಹೊಡೆದ್ರೆ, ಜನ ಎದ್ದು ಹೋಗೋ ಹೊತ್ತಿಗೆ ತೋರಿಸ್ತಿತ್ತು."

ಹಾಗಾಗಿ ಒಡವೆ ಕಳಚಿದಂತೆ ಒಂದೊಂದನ್ನೇ ಕಳಚಿದ್ದಾರೆ. ಆನ್ ಮಾಡಿದೊಡನೆ ತಾವಾಗಿಯೇ ಎದ್ದು ಕೂರುತ್ತಿದ್ದ ಪ್ರೋಗ್ರಾಂಗಳನ್ನು ಮಲಗಿಸಿದ್ದಾರೆ. ಗೇಮುಗಳು ಹೋದವು. ಪರದೆಯ ಕಿಟಕಿಗಳು ಒಯ್ಯಾರದಿಂದ ತೆರೆಯುವ ಆಟ ನಿಂತಿತು. ಹಳೆಯ ಡಿಸ್ಕ್ ತೆಗೆಸಿ ವೇಗದ್ದು ಹಾಕಿಸಿದರು. ಅಪ್‌ಡೇಟ್ ಏನಿದ್ದರೂ ಭಾನುವಾರ, ಮನೆಯಲ್ಲಿ. ಉಳಿದದ್ದು ಕಪ್ಪು ಪರದೆ, ಬಿಳಿ ಅಕ್ಷರ. ಇಷ್ಟಾದರೂ ಎದೆಯೊಳಗಿನ ಡವಡವ ಮಾತ್ರ ಅನ್‌ಇನ್‌ಸ್ಟಾಲ್ ಆಗಿಲ್ಲ. "ಇದು ತಡವರಿಸಿದ್ರೆ ಜನ ಯಂತ್ರಾನ ಬೈಯಲ್ಲ ಕಣ್ರೀ. ಪಕ್ಕದಲ್ಲಿ ಓದ್ತಾ ಕೂತೋರಿಗೇ ಬುದ್ಧಿ ಮಂದ ಅಂದ್ಕೊಂಡ್ಬಿಡ್ತಾರೆ."

ಇವತ್ತು ಆ ಡವಡವ ಇನ್ನೂ ಜೋರು. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕಾರ್ಮಿಕರೊಬ್ಬರ ಕಿವಿ ಪೂರ್ತಿ ಹೋಗಿದೆ. ಎಲ್ಲರ ಬಾಯಲ್ಲಿ ಅವರು ಲೇತಣ್ಣ. ಅವರನ್ನು ಯಂತ್ರದ ಮುಂದೆ ಉಳಿಸಿಕೊಳ್ಳುವುದೋ, ಪ್ಯಾಕಿಂಗ್ ವಿಭಾಗಕ್ಕೆ ದಬ್ಬುವುದೋ ಎಂದು ಇವತ್ತಿನ ವಿಚಾರಣೆಯಲ್ಲಿ ತೀರ್ಮಾನವಾಗಬೇಕು. ದಾರಿಯುದ್ದಕ್ಕೂ ಬೆರಳಕ್ಕ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಗಾಗ ಮುಟ್ಟಿ ನೋಡುತ್ತಾರೆ.

ವಿಚಾರಣೆ ತಡವಾಗಿ ಶುರುವಾದರೂ ಸರಾಗವಾಗಿಯೇ ಸಾಗುತ್ತದೆ. ಸಾಹೇಬರು ಕೇಳುತ್ತಾರೆ, ಲೇತಣ್ಣ ಓದುತ್ತಾರೆ, ಬಾಯಲ್ಲೇ ಉತ್ತರಿಸುತ್ತಾರೆ. ಅಷ್ಟರಲ್ಲಿ ಪರದೆಯ ಮೂಲೆಯಿಂದ ಒಂದು ಕಿತ್ತಳೆ ಬಣ್ಣದ ಮೀನು ಬಾಲ ಅಲ್ಲಾಡಿಸುತ್ತ ಹೊರಡುತ್ತದೆ.  ಬೆರಳಕ್ಕನ ಬೆರಳು ಓಡುತ್ತಿದೆ, ಅಕ್ಷರ ಮೂಡುತ್ತಿಲ್ಲ. ಮೀನು ಮಾತ್ರ ನಿಧಾನವಾಗಿ ಈಜುತ್ತಿದೆ.

"ಹಾಗಾದ್ರೆ ಪ್ಯಾಕಿಂಗ್‌ಗೆ ಹೋಗೋಕೆ ನಿಮ್ಮ ಒಪ್ಪಿಗೆ ಇದೆ ಅಂತ ತಾನೆ?"

ಮೀನನ್ನು ಕಂಡು ಖುಷಿಯಾದ ಲೇತಣ್ಣ ಮುಗುಳ್ನಗುತ್ತ ತಲೆಯಾಡಿಸುತ್ತಾರೆ.

"ಒಪ್ಪಿದ್ರು. ಬರ್ಕೊಳ್ಳಿ" ಎನ್ನುತ್ತಾರೆ ಸಾಹೇಬರು ಗುಮಾಸ್ತರಿಗೆ.

ಬೆರಳಕ್ಕ ಬಾಯಿ ತೆರೆಯುವಂತಿಲ್ಲ. ತೆರೆಯದಿದ್ದರೆ ಒಬ್ಬರ ಲೇತ್ ಹೋಗುತ್ತದೆ. ಕೈ ತಾನಾಗಿ ಮೇಲೇಳುತ್ತದೆ.

"ಸಾರ್, ಬರೀಬೇಡಿ! ಅವ್ರು ತಲೆಯಾಡಿಸಿದ್ದು ಮೀನಿಗೆ!"

 ಸಾಹೇಬರು ಎದ್ದು ಬಂದು ಬಗ್ಗಿ ನೋಡುತ್ತಾರೆ. ಮೀನು ಅವರ ಮೂಗಿನ ನೇರಕ್ಕೆ ಗುಳ್ಳೆ ಬಿಡುತ್ತದೆ.

ಇದು ಗಂಡನ ಕಿತಾಪತಿ ಎಂದು ಬೆರಳಕ್ಕನಿಗೆ ಹೊಳೆಯುತ್ತದೆ. "ಕಪ್ಪು ಪರದೆ ನೋಡಿ ನೋಡಿ ನಿನ್ನ ಮುಖಾನೂ ಹಾಗೇ ಆಗಿದೆ, ತಡಿ, ಒಂದಿಷ್ಟು ಬಣ್ಣ ಹಾಕ್ತೀನಿ" ಎಂದು ನಿನ್ನೆ ರೇಗಿಸಿದ್ದರು. ಮೀನಿನದೊಂದು ಪ್ರೋಗ್ರಾಂ ಹಾಕಿ, ಹೆಂಡತಿ ಬಸ್ಸಿನಲ್ಲಿ ವಾಪಸಾಗುವ ಹೊತ್ತಿಗೆ ಅದು ಏಳಲಿ ಎಂದು ಸಮಯ ಇಟ್ಟಿರಬೇಕು. ವಿಚಾರಣೆ ತಡವಾಗುವುದು ಅವರಿಗೇನು ಗೊತ್ತು? ಬೆರಳಕ್ಕ ಮೀನನ್ನು ಮುಚ್ಚುತ್ತಾರೆ. ತಡೆದಿದ್ದ ಅಕ್ಷರಗಳೆಲ್ಲ ದಬದಬನೆ ಬಂದು ಬೀಳುತ್ತವೆ: ಪ್ಯಾಕಿಂಗ್, ಒಪ್ಪಿಗೆ, ಬರ್ಕೊಳ್ಳಿ.

ಓದುತ್ತ ಓದುತ್ತ ಲೇತಣ್ಣನ ಮುಖ ಬಿಳಿಚಿಕೊಳ್ಳುತ್ತದೆ. "ಅಯ್ಯೋ, ಒಪ್ಪಲ್ಲ ಸಾರ್! ಕಿವಿ ಹೋಗಿದೆ, ಕೈ ಹೋಗಿಲ್ಲ. ಲೇತ್ ಸರಿ ಇದೆಯೋ ಇಲ್ಲವೋ ನನ್ನ ಅಂಗೈಗೆ ಗೊತ್ತಾಗುತ್ತೆ. ಬನ್ನಿ, ಈಗ್ಲೇ ತೋರಿಸ್ತೀನಿ."

ಸಾಹೇಬರು ಗುಮಾಸ್ತರತ್ತ ತಿರುಗುತ್ತಾರೆ. "ಅದನ್ನ ಹೊಡೆದುಹಾಕ್ರೀ. ಇವ್ರ ಕೈಕೆಲ್ಸ ನಾನೂ ನೋಡಿದೀನಿ, ಲೇತ್‌ನಲ್ಲೇ ಇರ್ಲಿ. ಸೈರನ್ ಬದ್ಲು ಎದುರಿಗೊಂದು ಕೆಂಪು ದೀಪ ಹಾಕಿಸಿ." ಆಮೇಲೆ ತಡೆಯಲಾಗದೆ, "ಅಲ್ಲಮ್ಮಾ, ಪ್ಯಾಕಿಂಗ್‌ಗೆ ಹೋಗೋಕೆ ಆ ಮೀನಿಗಾದ್ರೂ ಒಪ್ಪಿಗೆ ಇತ್ತಂತಾ?"

ಬೆರಳಕ್ಕ ಅದನ್ನೂ ಚಾಚೂ ತಪ್ಪದೆ ಟೈಪ್ ಮಾಡುತ್ತಾರೆ. ಲೇತಣ್ಣ ಓದುತ್ತಾರೆ. ಗುಮಾಸ್ತರು ನಗುತ್ತಾರೆ, ಸಾಹೇಬರು ಮೂಗಿನಲ್ಲೇ ನಗುತ್ತಾರೆ, ಇವರೆಲ್ಲರನ್ನೂ ಮುಳುಗಿಸಿಕೊಂಡು ಇನ್ನೊಂದು ನಗು ಕೋಣೆಯ ಗಾಜು ಅದುರಿಸುತ್ತದೆ. ಸದ್ದಿದ್ದರೆ ಬರೆಯಲೇಬೇಕಲ್ಲ. ಬೆರಳಕ್ಕ ಆವರಣ ತೆರೆಯುತ್ತಾರೆ:

(ಜೋರು ನಗು. ಎಲ್ಲರಿಗಿಂತ ಜೋರು ನಿಮ್ಮದೇ, ಲೇತಣ್ಣ.)