ಹುಡುಕಾಟಕ್ಕೆ ತಾಂಬೂಲ ಕೊಟ್ಟವರು

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆಫೀಸಿನ ರೋಲಿಂಗ್ ಶಟರ್ ಎಳೆಯುವಾಗ ಒಮ್ಮೆ ಸಿಕ್ಕಿಕೊಂಡು ಜಜ್ಜಿಹೋಗಿದ್ದ ಬೆರಳು ಅದು. ಉಗುರು ಮತ್ತೆ ಬಂತು, ಆದರೆ ಎರಡು ಹೋಳಾಗಿ ಬಂತು. ಆ ಸೀಳಿನೊಳಗೆ ಬೆಳಗಿನ ಪೂಜೆಯ ಅರಿಶಿನ ಸಂಜೆಯವರೆಗೂ ಕೂತಿರುತ್ತಿತ್ತು. ಟೈಪ್ ಮಾಡುವಾಗ ಅದೊಂದು ಬೆರಳನ್ನು ಮೇಲೆತ್ತಿ ಹಿಡಿದಿರುತ್ತಿದ್ದರು. "ಏನ್ ಮೇಡಂ, ಯಾರಿಗೆ ಹೆಬ್ಬೆರಳು ತೋರಿಸ್ತಿದೀರ?" ಎಂದು ನಾನು ರೇಗಿಸಿದರೆ, "ನಿನಗೇ ಕಣೇ, ಇನ್ಯಾರಿಗೆ? ಬಾಯಿ ಮುಚ್ಕೊಂಡು ಕೆಲಸ ಮಾಡು" ಎನ್ನುತ್ತಿದ್ದರು. ನಾನು ಬಾಯಿ ಮುಚ್ಚುತ್ತಿರಲಿಲ್ಲ, ಅವರಿಗೂ ಅದು ಬೇಕಿರಲಿಲ್ಲ.

ನಮ್ಮ ಆಫೀಸು ದೇವರಾಜ ಮೊಹಲ್ಲಾದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲಿತ್ತು. ಮದುವೆ ಕಾಲ ಬಂತೆಂದರೆ ಕೆಳಗಡೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಯಂತ್ರದ ಕಿರ್ರ್ ಸದ್ದು ದಿನವಿಡೀ. ಅಂಗಡಿ, ಕಲ್ಯಾಣ ಮಂಟಪ, ಟ್ಯುಟೋರಿಯಲ್ಲುಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದು ನಮ್ಮ ಕೆಲಸ. ನಾನು ಒಕ್ಕಲು ಮನೆಯವಳು, ರಾಜೀವನಗರದ ಅಕ್ಕನ ಮನೆಯಲ್ಲಿದ್ದುಕೊಂಡು ಬಿ.ಸಿ.ಎ. ಮುಗಿಸಿ ಅಲ್ಲಿ ಸೇರಿದ್ದೆ. ಮೇಡಂ ಅವರ ಮುತ್ತಾತ ಅರಮನೆಯಲ್ಲಿ ಪುರಾಣ ಹೇಳುತ್ತಿದ್ದವರಂತೆ. ಇವರು ಮಾತ್ರ ಮನೆಯವರು ಎಷ್ಟು ಗೊಣಗಿದರೂ ಕಂಪ್ಯೂಟರ್ ಕಲಿತು, ಅದೇ ಕಟ್ಟಡದಲ್ಲಿದ್ದ ವಧೂವರರ ಕೇಂದ್ರಕ್ಕೆ ಮೊದಲ ವೆಬ್‌ಸೈಟ್ ಕಟ್ಟಿಕೊಟ್ಟರು. ಅದನ್ನು ಕಟ್ಟುತ್ತಾ ಕಟ್ಟುತ್ತಾ ಸಂಬಂಧ ಕೂಡಿಸುವ ಚಾಳಿಯೂ ಹತ್ತಿಕೊಂಡಿತು. ತಾವು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ನನ್ನ ಜಾತಕ ನೋಡಿ ಜೋಯಿಸರೇ ಓಡಿಹೋದ್ರು" ಎಂದು ನಕ್ಕುಬಿಡುತ್ತಿದ್ದರು.

ವೆಬ್‌ಸೈಟ್ ಕಟ್ಟುವವರು ಎಲ್ಲವನ್ನೂ ತಾವೇ ಮಾಡುವುದಿಲ್ಲ. ನಕ್ಷೆ ಒಬ್ಬರದು, ಬುಕಿಂಗ್ ಮಾಡುವ ಕ್ಯಾಲೆಂಡರು ಇನ್ನೊಬ್ಬರದು, ಹುಡುಕಾಟ ಮತ್ತೊಬ್ಬರದು. ಎಲ್ಲೋ ಯಾರೋ ಮಾಡಿಟ್ಟ ಇಂಥ ಪ್ಲಗಿನ್ನುಗಳನ್ನು ತಂದು ನಮ್ಮ ಪುಟಕ್ಕೆ ಜೋಡಿಸಿಕೊಳ್ಳುತ್ತೇವೆ. ಬೇರೆಯವರು ಕಣ್ಣು ಮುಚ್ಚಿಕೊಂಡು ಜೋಡಿಸುತ್ತಿದ್ದರು. ಮೇಡಂ ಹತ್ತಿರ ಅದು ನಡೆಯುತ್ತಿರಲಿಲ್ಲ. ಅವರ ಪಾಲಿಗೆ ಅದು ಹೆಣ್ಣು ಕೊಟ್ಟು ತರುವ ವ್ಯವಹಾರ. ನಾನು ಹೊಸದೊಂದನ್ನು ತೋರಿಸಿದ ಕೂಡಲೇ ವಿಚಾರಣೆ ಶುರು. "ಯಾರ ಮನೆಯದು? ಅನ್ನ ಯಾರು ಹಾಕ್ತಾರೆ? ಹಿಂದೆ ಎಲ್ಲೆಲ್ಲಿ ಸಂಬಂಧ ಆಗಿತ್ತು, ಬಿಟ್ಟವರು ಯಾಕೆ ಬಿಟ್ರು?" ಒಮ್ಮೆ ಒಂದು ಚೆಂದದ ಕ್ಯಾಲೆಂಡರ್ ತಂದು, ಎಲ್ಲರೂ ಇದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರೆ ಎಂದೆ. "ನಕ್ಷತ್ರ ಎಲ್ರಿಗೂ ಇರುತ್ತೆ ಕಣೇ, ನಡತೆ ಹೇಳು" ಎಂದರು. ಕೆದಕಿ ನೋಡಿದರೆ ಅದನ್ನು ಮಾಡಿದವರು ಅದರ ಕಡೆ ತಿರುಗಿ ನೋಡಿಯೇ ಬಹಳ ಕಾಲವಾಗಿತ್ತು. ಮೇಡಂ ಮುಖದಲ್ಲಿ ಗೆದ್ದ ನಗು.

ಅಷ್ಟಕ್ಕೇ ಬಿಡುತ್ತಿರಲಿಲ್ಲ, ಮಾಡಿದವರಿಗೆ ಪತ್ರ ಬರೆಯುತ್ತಿದ್ದರು. ನಾವು ಮೈಸೂರಿನವರು, ನಿಮ್ಮ ಪ್ಲಗಿನ್ ನಮಗೆ ಒಪ್ಪಿಗೆಯಾಗಿದೆ, ನೀವು ಇದನ್ನು ಮುಂದೆಯೂ ನೋಡಿಕೊಳ್ಳುತ್ತೀರಿ ತಾನೆ, ಮನೆಯಲ್ಲಿ ಎಲ್ಲರೂ ಕ್ಷೇಮವೆ, ಎಂದು. ನಗು ಬರುತ್ತಿತ್ತು ನನಗೆ. ಆದರೆ ಯಾವ್ಯಾವುದೋ ದೇಶದವರು ಉತ್ತರ ಬರೆಯುತ್ತಿದ್ದರು. ಉತ್ತರ ತೃಪ್ತಿಯಾದರೆ ಅವತ್ತು ಮಾರ್ಕೆಟ್ಟಿನಿಂದ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತರಿಸಿ ಕಂಪ್ಯೂಟರಿನ ಮುಂದಿಟ್ಟು, ಆಮೇಲೆ ಪ್ಲಗಿನ್ ಜೋಡಿಸುತ್ತಿದ್ದರು. ತಾಂಬೂಲ ಆಯಿತು ಎಂದರೆ ಮಾತು ಮುಗಿಯಿತು ಎಂದರ್ಥ. ಬಾಳೆಹಣ್ಣು ನನ್ನ ಪಾಲಿಗೆ.

ತಾಂಬೂಲವಾದ ಮೇಲೆ ಮತ್ತೆ ಕೆದಕಬಾರದು ಎಂಬುದು ಅವರ ನಿಯಮ. ಜೋಡಿಸಿದ್ದನ್ನು ಆಗಾಗ ತೆರೆದು ಸರಿಯಾಗಿದೆಯೇ ಎಂದು ನೋಡೋಣ ಎಂದು ನಾನು ಒಮ್ಮೆ ಹೇಳಿದ್ದೆ. ಅವರಿಗೆ ಸಿಟ್ಟೇ ಬಂತು. "ಮಗಳನ್ನ ಕೊಟ್ಟ ಮನೆಗೆ ದಿನಾ ಹೋಗಿ ಅಡುಗೆಮನೆ ಇಣುಕ್ತಾರೇನೆ? ಕೊಡೋಕೆ ಮುಂಚೆ ಸಾವಿರ ಕೇಳು, ಕೊಟ್ಟ ಮೇಲೆ ನಂಬು. ಅದು ಮರ್ಯಾದೆ" ಎಂದರು. ಎಂಥ ಮರ್ಯಾದೆಯೋ. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ಹೊಟ್ಟೆಪಾಡಿನ ಕೆಲಸದ ಪಕ್ಕದಲ್ಲಿ ಮೇಡಂ ಇನ್ನೊಂದು ವೆಬ್‌ಸೈಟ್ ನಡೆಸುತ್ತಿದ್ದರು. ಅದರಿಂದ ಒಂದು ಪೈಸೆ ಇರಲಿಲ್ಲ, ಜೀವವೆಲ್ಲ ಅದರ ಮೇಲೇ. ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ದಿಕ್ಕು ತಪ್ಪಿ ಕೂತವರನ್ನು, ತಮ್ಮ ಊರು ಹೆಸರು ಹೇಳಲಾರದವರನ್ನು ಯಾರಾದರೂ ತಂದು ಊರಿನ ಆಶ್ರಮಗಳಿಗೆ ಬಿಡುತ್ತಾರಲ್ಲ, ಅಂಥವರ ಫೋಟೋ ಮತ್ತು ಗುರುತುಗಳನ್ನು ಆಶ್ರಮದವರೇ ಅದರಲ್ಲಿ ಹಾಕುತ್ತಿದ್ದರು. ಮನೆಯವರನ್ನು ಕಳೆದುಕೊಂಡವರು ವಯಸ್ಸು, ಮಚ್ಚೆ, ಗಾಯದ ಕಲೆ ಹೀಗೆ ಏನಾದರೂ ಬರೆದು 'ಹುಡುಕು' ಎಂಬ ಗುಂಡಿ ಒತ್ತಿದರೆ ಸಾಕು, ಹೊಂದುವವರ ಮುಖ ಬರುತ್ತಿತ್ತು. ಹಾಗೆ ಸಿಕ್ಕವರನ್ನು ಮನೆಯವರು ಕರೆದುಕೊಂಡು ಹೋದ ದಿನ ಮೇಡಂ ಕಿಟಕಿ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಹುಡುಕಾಟವನ್ನು ಮೊದಲು ಅವರೇ ಬರೆದಿದ್ದರು. ಜನ ಹೆಚ್ಚಾದಂತೆ ಅದು ಕುಂಟತೊಡಗಿತು. ಒತ್ತಿ ಕಾದು ಕಾದು ಬೇಸತ್ತು ಬಿಟ್ಟುಹೋಗುತ್ತಿದ್ದವರೇ ಬಹಳ. ಆಗ ಹೊರಗಿನ ಒಂದು ಹುಡುಕಾಟದ ಸೇವೆಯನ್ನು ಜೋಡಿಸೋಣ ಎಂದು ಮೇಡಂ ಹೊರಟರು. ನಮ್ಮ ಪುಟದ ವಿವರಗಳನ್ನೆಲ್ಲ ಅದು ತನ್ನ ಕಡೆ ಪಟ್ಟಿ ಮಾಡಿಟ್ಟುಕೊಂಡು, ಕೇಳಿದ ಕೂಡಲೇ ತೆಗೆದುಕೊಡುತ್ತದೆ. ಸಣ್ಣವರಿಗೆ ಪುಕ್ಕಟೆ. ಅದಕ್ಕೆ ನಡೆದ ವಿಚಾರಣೆಯಷ್ಟು ಉದ್ದದ ವಿಚಾರಣೆ ಇನ್ನೊಂದಕ್ಕೆ ನಡೆಯಲಿಲ್ಲ. ಕೊನೆಗೆ ಅದನ್ನು ಮಾಡಿದ ದೂರದೇಶದವನು ಉತ್ತರ ಬರೆದ. ಮಗಳ ಶಾಲೆಯ ಲೈಬ್ರರಿಗೆಂದು ಮಾಡಿದ್ದಂತೆ, ಮಗಳನ್ನು ಸಾಕುವ ಹಾಗೆಯೇ ಸಾಕುತ್ತಿದ್ದೇನೆ ಎಂದ. ಮೇಡಂ ಕರಗಿಹೋದರು. "ಒಳ್ಳೆ ಮನೆತನ ಕಣೇ" ಎಂದರು. ಅವತ್ತು ತಾಂಬೂಲದ ಜೊತೆ ಒಂದು ಮೊಳ ಮಲ್ಲಿಗೆಯೂ ಬಂತು. ಹುಡುಕಾಟ ಚುರುಕಾಗಿ ನಡೆಯಿತು, ಸುಳ್ಳು ಹೇಳಬಾರದು.

ಮಗನನ್ನು ಹುಡುಕಿಕೊಂಡು ಕಡಕೊಳದ ತಾಯಿಯೊಬ್ಬರು ಬರತೊಡಗಿದ್ದು ಅದಾದ ಎಷ್ಟೋ ದಿನಗಳ ಮೇಲೆ. ಸೋಮವಾರ ಮಾರ್ಕೆಟ್ಟಿಗೆ ಸೊಪ್ಪು ತರುತ್ತಿದ್ದರು, ಮಾರಿ ಮುಗಿಸಿ ಖಾಲಿ ಮಂಕರಿ ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಮಗ ಕಡಕೊಳದ ಕಾರ್ಖಾನೆಯೊಂದರಲ್ಲಿದ್ದವನು. ಕೆಲಸ ಹೋದ ಮೇಲೆ ಮಂಕಾಗಿ, ಒಂದು ದಿನ ಮನೆಯಿಂದ ಹೋದವನು ಬಂದಿರಲಿಲ್ಲ. ಮಾತು ಬಿಟ್ಟುಬಿಟ್ಟಿದ್ದನಂತೆ. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ಬೆಲ್ಲದ ಪಾಕ ಸಿಡಿದು ಎಡ ಮುಂಗೈ ಸುಟ್ಟಿದ್ದು ಬಿಟ್ಟರೆ ಬೇರೆ ಗುರುತಿಲ್ಲ.

"ಒತ್ತವ್ವ, ಇವತ್ತಾದ್ರೂ ಬಂದವ್ನಾ ನೋಡು" ಎಂದು ಆ ತಾಯಿ ಕಂಪ್ಯೂಟರಿನ ಹಿಂಬದಿಯಲ್ಲಿ ನಿಂತು ಕೇಳುತ್ತಿದ್ದರು. ಬೇರೆಯವರಾದರೆ ನನಗೆ ಬಿಡುತ್ತಿದ್ದ ಮೇಡಂ, ಅವರಿಗೆ ಮಾತ್ರ ತಾವೇ ಬರೆದು ಒತ್ತುತ್ತಿದ್ದರು. ಎಡಗೈ, ಸುಟ್ಟ ಗುರುತು, ಗಂಡಸು. ಪ್ರತಿ ಸಲವೂ ಪರದೆಯ ಮೇಲೆ ಒಂದೇ ಸಾಲು: ಯಾರೂ ಸಿಗಲಿಲ್ಲ.

"ಇದ್ರಲ್ಲಿ ಇಲ್ಲ ಅಂದ್ರೆ ಮೈಸೂರಿನ ಯಾವ ಆಶ್ರಮದಲ್ಲೂ ಇಲ್ಲ ಕಣಮ್ಮ" ಎಂದು ಮೇಡಂ ಒಮ್ಮೆ ಅವರ ಕೈಹಿಡಿದು ಹೇಳಿದರು. "ಇಲ್ಲಿ ಅಲೀಬೇಡ. ಬೇರೆ ಊರಲ್ಲಿ ಎಲ್ಲೋ ಇದ್ದಾನೆ. ಬೆಂಗಳೂರು ಕಡೆ ವಿಚಾರಿಸು."

"ಅಂಗಂತೀರಾ? ನಾನು ಒಂದೊಂದು ಬಾಗ್ಲಿಗೂ ಓಗಿ ಕೇಳ್ಬೇಕು ಅಂತಿದ್ದೆ."

"ಬೇಡಮ್ಮ. ಇದು ತಪ್ಪು ಹೇಳಲ್ಲ."

ಆ ತಾಯಿ ನಂಬಿಕೊಂಡು ಬೆಂಗಳೂರು ಬಸ್ಸು ಹತ್ತಿದರು.

ಮಳೆಗಾಲ ಕಳೆದಿತ್ತು. ಒಂದು ಮಧ್ಯಾಹ್ನ ಆಶ್ರಮವೊಂದರಿಂದ ಫೋನ್ ಬಂತು. ನನ್ನ ಅಕ್ಕನ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಆಶ್ರಮ. ಅಲ್ಲಿದ್ದ ಒಬ್ಬ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡನಂತೆ. "ವಾರಸುದಾರರು ಯಾರೂ ಬರ್ಲಿಲ್ಲ ಮೇಡಂ. ಪೊಲೀಸ್ನೋರ ಮುಂದೆ ಮಣ್ಣು ಮಾಡಿದ್ವಿ. ನಿಮ್ಮಲ್ಲಿ ಹಾಕಿ ತಿಂಗಳುಗಟ್ಟಲೆ ಆಗಿತ್ತು. ಈಗ ತೆಗೆದುಬಿಡಿ" ಎಂದರು ಅಲ್ಲಿಯ ಮೇಲ್ವಿಚಾರಕರು. ಮೇಡಂ ಆ ಹೆಸರಿಲ್ಲದವನ ಪುಟ ತೆರೆದರು. ಮಾತಾಡುವುದಿಲ್ಲ, ಎಡ ಮುಂಗೈಯಲ್ಲಿ ಸುಟ್ಟ ಗುರುತು, ಎಂದಿತ್ತು. ಫೋಟೋದಲ್ಲಿದ್ದದ್ದು ಆ ತಾಯಿಯದೇ ಮೂಗು, ಆ ತಾಯಿಯದೇ ಹಣೆ.

ಮೇಡಂ ಆ ಪುಟವನ್ನು ಮುಚ್ಚಲಿಲ್ಲ. ಅದರ ಪಕ್ಕದಲ್ಲೇ ಹುಡುಕಾಟವನ್ನು ತೆರೆದು ಅದೇ ಪದಗಳನ್ನು ಬರೆದು ಒತ್ತಿದರು. ಯಾರೂ ಸಿಗಲಿಲ್ಲ ಎಂದು ಬಂತು. ಮತ್ತೆ ಒತ್ತಿದರು. ಪರದೆಯ ಅರ್ಧದಲ್ಲಿ ಅವನ ಮುಖ, ಇನ್ನರ್ಧದಲ್ಲಿ ಆ ಸಾಲು. "ಮೇಡಂ, ಸಾಕು ಬಿಡಿ" ಎಂದು ನಾನು ಮೌಸ್ ಕಿತ್ತುಕೊಂಡೆ.

ಆಮೇಲೆ ತಿಳಿಯಿತು. ಮಗಳನ್ನು ಸಾಕುವ ಹಾಗೆ ಸಾಕುತ್ತೇನೆ ಎಂದವನು ಆ ಸೇವೆಯನ್ನು ಯಾವುದೋ ದೊಡ್ಡ ಕಂಪನಿಗೆ ಮಾರಿಬಿಟ್ಟಿದ್ದ. ಪುಕ್ಕಟೆಯವರಿಗೆ ಇಷ್ಟೇ ಜಾಗ ಎಂದು ಹೊಸಬರು ಮಿತಿ ಹಾಕಿದ್ದರು. ಮಿತಿ ತುಂಬಿದ ಮೇಲೆ ಆಶ್ರಮದವರು ಹಾಕಿದ ಯಾರನ್ನೂ ಅದು ತನ್ನ ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಕೆಟ್ಟಿದ್ದೇನೆ ಎಂದೂ ಹೇಳಲಿಲ್ಲ. ಹಳಬರನ್ನು ಹುಡುಕಿಕೊಡುತ್ತಾ, ಹೊಸಬರ ವಿಷಯದಲ್ಲಿ ಯಾರೂ ಇಲ್ಲ ಎನ್ನುತ್ತಾ ಆರಾಮಾಗಿ ಇತ್ತು. ಒಂದೇ ಒಂದು ಸಲ ಹೊಸದಾಗಿ ಸೇರಿದವರೊಬ್ಬರ ವಿವರ ಬರೆದು ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಮೇಡಂ ಯಾರ ಮೇಲೂ ಕೂಗಾಡಲಿಲ್ಲ. "ನಾನು ಅವಳಿಗೆ ಅಲೀಬೇಡ ಅಂದೆ ಕಣೇ" ಎಂದು ಮಾತ್ರ ಹೇಳಿದರು. ಅವರನ್ನು ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡೂ ಆಗಲಿಲ್ಲ.

ಮಾರನೆಯ ದಿನ ಇಬ್ಬರೂ ಕಡಕೊಳಕ್ಕೆ ಹೋದೆವು. ಆ ತಾಯಿ ಜಗಲಿಯಲ್ಲಿ ಸೊಪ್ಪು ಕಟ್ಟುತ್ತಿದ್ದವರು ನಮ್ಮನ್ನು ಕಂಡು ಮುಖ ಅರಳಿಸಿಕೊಂಡು ಎದ್ದರು. "ಸಿಕ್ಕುದ್ನಾ?" ಎಂದರು. ಮೇಡಂ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಇಲ್ಲೇ ಇದ್ದ, ನಮ್ಮ ಯಂತ್ರ ತೋರಿಸಲಿಲ್ಲ, ನಾನು ನೋಡಬೇಕಿತ್ತು, ನೋಡಲಿಲ್ಲ, ಎಂದರು. ಆ ತಾಯಿಗೆ ಯಂತ್ರದ ಮಾತು ಎಷ್ಟು ಅರ್ಥವಾಯಿತೋ ಕಾಣೆ. ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಕಟ್ಟಿ ಮುಗಿಸಿ ಮಂಕರಿಗೆ ಹಾಕಿದರು.

"ನೀವೇ ಅಲ್ವಾ ಯೋಳಿದ್ದು, ಎಲ್ಲೂ ಇಲ್ಲ ಅಂತ?" ಎಂದು ಕೇಳಿದರು.

"ಹೌದಮ್ಮ. ನಾನೇ."

"ಅಲ್ಲಿ ಒಟ್ಟೆತುಂಬ ಉಣ್ತಿದ್ನಾ?"

"ಗೊತ್ತಿಲ್ಲಮ್ಮ" ಎಂದರು ಮೇಡಂ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳುವ ಧೈರ್ಯ ಅವರಿಗೆ ಆಮೇಲೆ ಬರಲೇ ಇಲ್ಲ. ಅಲ್ಲಿಂದ ಮೂವರೂ ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಮೇಲ್ವಿಚಾರಕರು ಒಂದು ದಿಬ್ಬ ತೋರಿಸಿದರು. ಇದೇ ಇರಬೇಕು ಎಂದರು.

ಅದಾದ ಮೇಲೆ ಮೇಡಂ ಹುಡುಕಾಟವನ್ನೇ ಕಿತ್ತುಹಾಕಿದರು. ಗುಂಡಿಯಿಲ್ಲ, ಬರೆಯುವ ಜಾಗವಿಲ್ಲ. ಎಲ್ಲರ ಮುಖವೂ ಒಂದರ ಕೆಳಗೊಂದು ಬರುವ ಹಾಗೆ ಒಂದೇ ಉದ್ದ ಪುಟ. "ಜನ ಇಷ್ಟೊಂದು ಮುಖ ನೋಡ್ತಾ ಕೂರಲ್ಲ ಮೇಡಂ" ಎಂದೆ. "ತಮ್ಮವರಾದ್ರೆ ಕೂರ್ತಾರೆ" ಎಂದರು. ಜನ ಕೂರಲಿಲ್ಲ. ಪುಟ ತೆರೆಯಲು ತಡವಾಗುತ್ತಿತ್ತು, ಅರ್ಧಕ್ಕೇ ಬಿಟ್ಟುಹೋಗುತ್ತಿದ್ದರು. ಇದ್ದ ಗಿರಾಕಿಗಳ ವೆಬ್‌ಸೈಟುಗಳಿಂದಲೂ ಹೊರಗಿನದನ್ನೆಲ್ಲ ತೆಗೆಯಲು ಹೊರಟರು. ಕಲ್ಯಾಣ ಮಂಟಪದವರು ಬೇಸತ್ತು ಬೇರೆ ಕಡೆ ಹೋದರು, ಉಳಿದವರೂ ಹೋದರು. ಆಫೀಸು ಮುಚ್ಚಿತು. ನನಗೆ ಅವರೇ ಒಂದು ಕಡೆ ಕೆಲಸ ಹುಡುಕಿಕೊಟ್ಟರು. ಇವತ್ತು ಹೊಸದೇನನ್ನು ಜೋಡಿಸಿದರೂ ಬೆಳಗ್ಗೆ ಬಂದು ಮೊದಲು ಅದನ್ನು ಒತ್ತಿ ನೋಡಿಯೇ ಕಾಫಿ ಕುಡಿಯುವವಳು ನಾನು. ಜೊತೆಯವರು ನಗುತ್ತಾರೆ. ನಕ್ಕೊಳ್ಳಲಿ.

ಮೇಡಂ ಹೋದದ್ದು ಹೃದಯಾಘಾತದಿಂದ, ತಮ್ಮನ ಮನೆಯಲ್ಲಿ, ತಿಂಡಿ ತಿನ್ನುತ್ತಾ ಕೂತಲ್ಲಿಯೇ. ವೆಬ್‌ಸೈಟು ಅವರ ಹಿಂದೆಯೇ ಹೋಯಿತು. ಅದರ ವಿಳಾಸವನ್ನು ನವೀಕರಿಸಬೇಕಾದರೆ ಅವರ ಫೋನಿಗೆ ಒಂದು ಸಂಖ್ಯೆ ಬರಬೇಕು, ಆ ಫೋನಿನ ನಂಬರನ್ನು ತಮ್ಮನವರು ಆಗಲೇ ನಿಲ್ಲಿಸಿಬಿಟ್ಟಿದ್ದರು. ನಾನು ಎಷ್ಟು ಒದ್ದಾಡಿದರೂ ಆಗಲಿಲ್ಲ. ಈಗ ಆ ವಿಳಾಸ ತೆರೆದರೆ ಯಾವುದೋ ಜೂಜಿನ ಜಾಹೀರಾತು ಬರುತ್ತದೆ. ಆ ಮುಖಗಳೆಲ್ಲ ಎಲ್ಲಿ ಹೋದವೋ.

ಮೇಡಂ ತೀರಿಕೊಂಡ ದಿನ ನಾನು ಕಡಕೊಳಕ್ಕೂ ಫೋನ್ ಮಾಡಿದ್ದೆ. ಯಾಕೆ ಮಾಡಿದೆನೋ ತಿಳಿಯದು. ಆ ತಾಯಿ ಬರುತ್ತಾರೆಂದು ಅಂದುಕೊಂಡಿರಲಿಲ್ಲ, ಬಂದರು. ಅಂಗಳದಲ್ಲಿ ಮಲಗಿಸಿದ್ದ ಮೇಡಂ ಅವರ ಕಾಲ ಬಳಿ ಸ್ವಲ್ಪ ಹೊತ್ತು ನಿಂತರು. ಮನೆಯ ಮಂದಿಗೆ ಅವರು ಯಾರೆಂದು ಗೊತ್ತಿಲ್ಲ. ಮೇಡಂ ಅವರ ತಮ್ಮ ಬಂದು, "ಯಾರಮ್ಮ ನೀವು? ಅಕ್ಕನಿಗೆ ಏನಾಗ್ಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಸ್ವಾಮಿ" ಎಂದರು ಆ ತಾಯಿ. "ನನ್ ಮಗನ್ನ ಉಡುಕ್ಕೊಟ್ಟೋರು."

ತಮ್ಮನವರು ನನ್ನ ಕಡೆ ತಿರುಗಿ, "ನಮ್ಮಕ್ಕ ಎಷ್ಟು ಜನಕ್ಕೆ ಒಳ್ಳೇದು ಮಾಡಿದ್ಲು ನೋಡಿ" ಎಂದರು. ನಾನು ಹೌದು ಎಂದು ತಲೆಯಾಡಿಸಿದೆ.