ತಿಗಣೆ ಟೀಚರ್ ಮತ್ತು ಕಣ್ಣಿಲ್ಲದ ಮೀನು

"ಆ ಮನೆಗೆ ಸೂಜಿ ಕೇಳೋಕೆ ಹೋದ್ರೂ ಪರೀಕ್ಷೆ ಬರೆದೇ ಹೊರಗೆ ಬರಬೇಕು" ಎಂದು ಬೀದಿಯವರು ಹೇಳುತ್ತಿದ್ದರು. ಸುಳ್ಳೇನಲ್ಲ. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಟೀಚರು ಬಂದವರ ಕೈಗೆ ನಾಲ್ಕು ರಟ್ಟಿನ ಚೀಟಿ ಇಡುತ್ತಿದ್ದರು: ಔಷಧಿ ಹೊಡೆದರೂ ಸಾಯದ ತಿಗಣೆ, ಮಾತ್ರೆಗೆ ಬಗ್ಗದ ರೋಗಾಣು, ಮುಳ್ಳು ಬಂದ ಗಿಡ, ಕತ್ತಲ ಗವಿಯ ಕಣ್ಣಿಲ್ಲದ ಮೀನು. "ಇವೆಲ್ಲ ಹೀಗಾದದ್ದು ಹೇಗೆ? ಒಂದೇ ಜಾತಿಯ ಪ್ರಶ್ನೆಗಳನ್ನ ಒಟ್ಟಿಗೆ ಇಡಿ, ನೋಡೋಣ."

ಎದುರುಮನೆ ಟೈಲರ್ ಮೀನನ್ನು ನೀರಿಗೆ, ಗಿಡವನ್ನು ನೆಲಕ್ಕೆ ಹಂಚಿ, "ತಿಗಣೆ ನಿಮ್ಮ ಪಾಲಿಗೇ ಇರಲಿ ಟೀಚರ್" ಎಂದು ಕಾಲ್ಕಿತ್ತ. 'ತಿಗಣೆ ಟೀಚರ್' ಎಂಬ ಹೆಸರು ಅಂದೇ ಅಂಟಿಕೊಂಡಿತು. ಟೀಚರು ಮಾತ್ರ ನಾಲ್ಕನ್ನೂ ಒಂದೇ ಕಡೆ ಪೇರಿಸಿ ನಗುತ್ತಿದ್ದರು: "ಕಥೆ ಒಂದೇ ಕಣಪ್ಪ, ವೇಷ ನಾಲ್ಕು."

ಹೀಗಿರುವಾಗ ತಂಗಿಯ ಮಗಳು ಬಂದು ಮನೆ ಸೇರಿದಳು. ಜೀವಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಇದು ಕೊನೆಯ ಅವಕಾಶ. ತಪ್ಪಿದರೆ ನರ್ಸಿಂಗ್ ಓದುವ ಆಸೆಗೆ ಎಳ್ಳುನೀರು.

ಮೊದಲು ತಿಗಣೆ ಪಾಠವಾಯಿತು. ಹುಡುಗಿ ಚೂಟಿ.

"ತಿಗಣೆ ಔಷಧಿಗೆ ಒಗ್ಗಿಕೊಳ್ಳೋದಲ್ಲ ದೊಡ್ಡಮ್ಮ. ಗುಂಪಲ್ಲಿ ಮೊದಲೇ ಒಂದೆರಡು ಗಟ್ಟಿಪಿಂಡ ಇರ್ತವೆ. ಉಳಿದವು ಸಾಯ್ತವೆ, ಇವು ಮೊಟ್ಟೆ ಇಡ್ತವೆ. ಮುಂದೆ ಹುಟ್ಟೋದೆಲ್ಲ ಗಟ್ಟಿಪಿಂಡಗಳೇ."

ದೊಡ್ಡಮ್ಮ ಹಿಗ್ಗಿ ಹೀರೇಕಾಯಿಯಾದರು. ಮರುದಿನ ಮೀನಿನ ಚೀಟಿ ಕೊಟ್ಟರು.

"ಕತ್ತಲಲ್ಲಿ ಕಣ್ಣು ಯಾಕೆ ಬೇಕು? ಬಳಸದೆ ಬಳಸದೆ ಹೋಯ್ತು."

"ಅಯ್ಯೋ ನಿನ್ನ! ನಿನ್ನೆ ಗಿಣಿ ಹಾಗೆ ಒಪ್ಪಿಸಿದ್ಯಲ್ಲೇ, ಇಷ್ಟು ಬೇಗ ಮರೆತ್ಯಾ?"

"ಏನೂ ಮರೆತಿಲ್ಲ. ನಿನ್ನೆ ಕೇಳಿದ್ದು ತಿಗಣೆ, ಇವತ್ತು ಮೀನು. ಅದಕ್ಕೆ ಹೊಸದೊಂದು ಬಂತು, ಇದಕ್ಕೆ ಇದ್ದದ್ದೇ ಹೋಯ್ತು. ಒಂದೇ ಒಂದೇ ಅಂತೀರಿ, ಹೇಗೆ ಒಂದೇ ಅಂತ ಯಾವತ್ತಾದ್ರೂ ತೋರಿಸಿದ್ರಾ?"

ಟೀಚರು ತಿಗಣೆಯ ಚೀಟಿಯನ್ನೂ ತಂದು ಮೀನಿನ ಪಕ್ಕ ಇಟ್ಟರು. ಪ್ರತಿ ವರ್ಷವೂ ತರಗತಿಯಲ್ಲಿ ತಿಗಣೆ ಕಲಿಸಿ, ಪರೀಕ್ಷೆಯಲ್ಲಿ ಮೀನು ಕೇಳಿ, ಸೊನ್ನೆ ಸುತ್ತಿ, "ಕಲ್ಲಿನ ಮೇಲೆ ಮಳೆ ಸುರಿದ ಹಾಗೆ" ಎಂದು ಹಣೆ ಚಚ್ಚಿಕೊಂಡಿದ್ದರು. ಮಕ್ಕಳು ಮರೆತಿರಲೇ ಇಲ್ಲ. ಟೀಚರ ಕಣ್ಣಿಗೆ ರಾಚುತ್ತಿದ್ದ ನಂಟು ಮಕ್ಕಳಿಗೆ ಕಂಡೇ ಇರಲಿಲ್ಲ.

"ಹಾಗಾದ್ರೆ ನೀನೇ ಕೇಳು, ನಾನು ಹೇಳ್ತೀನಿ" ಎಂದು ಟೀಚರು ನೆಲದ ಮೇಲೇ ಕುಳಿತರು.

"ಮೊದಲೇ ಮಂದಗಣ್ಣಿನ ಮೀನು ಇದ್ವಾ?"

"ಇದ್ವು, ಒಂದೆರಡು."

"ಕತ್ತಲಲ್ಲಿ ಅವಕ್ಕೆ ನಷ್ಟ ಇಲ್ಲ, ಸರಿ. ಲಾಭ ಏನು?"

"ಕಣ್ಣು ಸಾಕೋಕೂ ಮೈಯ ಕಸುವು ಬೇಕಲ್ಲೇ. ಅದು ಉಳಿದ್ರೆ?"

ಹುಡುಗಿ ಚೀಟಿಗಳನ್ನು ದಿಟ್ಟಿಸಿದಳು. "ಮೊಟ್ಟೆಗೆ! ಅಯ್ಯೋ ದೊಡ್ಡಮ್ಮ, ಇದೂ ತಿಗಣೆನೇ!"

ಅಂದಿನಿಂದ ದಿನವೂ ಎರಡೆರಡು ಚೀಟಿ ಅಕ್ಕಪಕ್ಕ. ಯಾರು ಮೊದಲೇ ಬೇರೆ ಥರ ಇದ್ದರು, ಯಾರು ಉಳಿದರು, ಯಾರ ಸಂತಾನ ಹೆಚ್ಚಿತು? ತಪ್ಪು ಹೇಳಿದರೆ ಟೀಚರು ಈಗ ಬೈಯುತ್ತಿರಲಿಲ್ಲ, "ಯಾಕೆ ಹಾಗಂದೆ?" ಎಂದು ಕೇಳುತ್ತಿದ್ದರು.

ಪರೀಕ್ಷೆಯಲ್ಲಿ ಬಂದದ್ದು ತಿಗಣೆಯೂ ಅಲ್ಲ, ಮೀನೂ ಅಲ್ಲ. ದ್ವೀಪದ ಹಕ್ಕಿಯೊಂದು ಹಾರುವ ಶಕ್ತಿ ಕಳೆದುಕೊಂಡದ್ದು ಹೇಗೆ ಎಂದಿತ್ತು. ಹುಡುಗಿ ನಗುತ್ತಲೇ ಎರಡು ಪುಟ ಬರೆದಳಂತೆ. ಪಾಸಾದಳು. ದೂರದ ಊರಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿಲ್ಲ. ಟೀಚರು ಎರಡನೇ ಮಾತಾಡದೆ ಬಾಡಿಗೆ ಮನೆ ಬಿಟ್ಟು ಅವಳ ಜೊತೆ ಹೊರಟರು.

ಬೀಗದ ಕೈ ಪಡೆಯಲು ಬಂದ ಮನೆಯೊಡತಿ ಕೇಳಿದಳು: "ಈ ವಯಸ್ಸಲ್ಲಿ ಯಾಕ್ರೀ ಅಲೆದಾಟ?"

"ಮುಂದೆ ಇವಳು ಎಲ್ಲೆಲ್ಲಿ ಎಡವ್ತಾಳೋ, ನಾನು ನೋಡಬೇಡವಾ?"

"ಎತ್ತೋಕಲ್ಲ ಆಂಟಿ," ಹುಡುಗಿ ಒಳಗಿನಿಂದ ಕೂಗಿದಳು, "ಯಾಕೆ ಎಡವಿದೆ ಅಂತ ಕೇಳೋಕೆ ಬರ್ತಿದ್ದಾರೆ!"

ಆಟೋ ಹೊರಟಿತು. ಟೀಚರಿಗೆ ಹಿಂದಿರುಗಿ ನೋಡಲು ಪುರುಸೊತ್ತಾಗಲಿಲ್ಲ. ಹಾಸಿಗೆಯ ಸುರುಳಿ ಜಾರುತ್ತಿತ್ತು, ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು.